ಒಗೆಯಬಾರದಿದ್ದ ಕಂಬಳಿ

ಆ ಲಾಂಡ್ರಿಯವರ ಮನೆಯಲ್ಲಿ ಬೆಳಗ್ಗೆ ಬಂದ ಕೊಳೆ ಸಂಜೆಯೊಳಗೆ ಹೊರಟುಹೋಗಬೇಕು. ಅದು ಅಜ್ಜಿಯ ಕಟ್ಟಪ್ಪಣೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ, ಅದರ ಹಿಂದೆ ಒಗೆಯುವ ಕಲ್ಲು, ಬಟ್ಟೆ ಹರವುವ ಹಗ್ಗಗಳು. ಮಗ ಮನೆಗಳಿಂದ, ಹೋಟೆಲುಗಳಿಂದ ಗಂಟು ಹೊತ್ತು ತಂದು ಮೆಷಿನ್ನಿಗೆ ಹಾಕುತ್ತಿದ್ದ. ಸೊಸೆ ಗಲ್ಲಾ ಪೆಟ್ಟಿಗೆಯನ್ನೂ ಗಿರಾಕಿಗಳ ಬಾಯನ್ನೂ ಸಂಭಾಳಿಸುತ್ತಿದ್ದಳು. ಇಸ್ತ್ರಿ ಅಜ್ಜಿಯದು. ಮೆಷಿನ್ನಿಗೆ ಬಗ್ಗದ ಕಲೆಗಳೂ ಅಜ್ಜಿಯವೇ. ಶಾಯಿಯೋ ತುಕ್ಕೋ ಜಿಡ್ಡೋ, ಏನೇ ತಂದುಕೊಟ್ಟರೂ ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, "ಹೋಗತ್ತೆ ಬಿಡಿ" ಅನ್ನುತ್ತಿದ್ದಳು. ಅವಳು ಹೋಗುತ್ತದೆ ಅಂದ ಮೇಲೆ ಆ ಕಲೆಗೆ ಬೇರೆ ದಾರಿಯೇ ಇರಲಿಲ್ಲ.

ಇಷ್ಟೆಲ್ಲ ಒಗೆಯುವ ಅಜ್ಜಿಯ ಕಣ್ಣು ಒಂದು ಬಟ್ಟೆಯ ಮೇಲೆ ಮಾತ್ರ ಬೀಳುತ್ತಿರಲಿಲ್ಲ. ಇಸ್ತ್ರಿಯ ಬಿಸಿಗೆ ಬೆವರೊರೆಸಿಕೊಳ್ಳಲು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಹಳದಿ ಅಂಚಿನ ಟವೆಲು ಅದು. ಕೆಲಸ ಮುಗಿದ ಮೇಲೆ ಇಸ್ತ್ರಿ ಮೇಜಿನ ಪಕ್ಕದ ಮೊಳೆಗೆ ಏರುತ್ತಿತ್ತು, ಮರುದಿನ ಮತ್ತೆ ಹೆಗಲಿಗೆ. "ಊರಿನ ಕೊಳೆ ತೆಗೆಯೋಳ ಹೆಗಲ ಮೇಲೇ ಎಷ್ಟು ಕೊಳೆ ನೋಡು," ಎಂದು ಮೊಮ್ಮಗಳು ರೇಗಿಸಿದರೆ, "ಪುರುಸೊತ್ತಾದಾಗ ಒಗೀತೀನಿ ಹೋಗೇ," ಎಂದು ಅದರಲ್ಲೇ ಕತ್ತು ಒರೆಸಿಕೊಳ್ಳುತ್ತಿದ್ದಳು.

ಅಂಗಡಿಯ ಒಳಗೋಡೆಗೆ ಒಂದು ಕಪಾಟಿತ್ತು. ಒಗೆಯಲು ಕೊಟ್ಟು ವಾಪಸು ಬಾರದವರ ಬಟ್ಟೆಗಳೆಲ್ಲ ಅದರಲ್ಲಿ. ಒಂದು ಕೋಟು, ಯಾರದೋ ಮಗುವಿನ ಹೊದಿಕೆ, ಹಾಸಿಗೆಯ ಚಾದರಗಳು, ಪರದೆಗಳು. "ಕೊಟ್ಟೋರು ಇವತ್ತಲ್ಲ ನಾಳೆ ಬರ್ತಾರೆ, ಇರ್ಲಿ," ಎಂದು ತಾತ ಅವನ್ನು ಯಾರಿಗೂ ಕೊಡಲು ಬಿಡುತ್ತಿರಲಿಲ್ಲ. ತಾತ ತೀರಿಕೊಂಡ ಮೇಲೂ ಅಜ್ಜಿ ಆಗಾಗ ಅವನ್ನು ಕೊಡವಿ, ಮಡಿಕೆ ಬದಲಿಸಿ, ಇದ್ದಲ್ಲೇ ಇಡುತ್ತಿದ್ದಳು.

ಮೊಮ್ಮಗಳು ಕಾಲೇಜಿನ ಹುಡುಗಿ. ರಜೆ ಬಂತೆಂದರೆ ಊರಾಚೆಯ ಪ್ರಾಣಿಗಳ ಆಶ್ರಯಕ್ಕೆ ಹೋಗಿ ದಿಕ್ಕಿಲ್ಲದ ನಾಯಿ ಬೆಕ್ಕುಗಳ ಗೂಡು ತೊಳೆದುಕೊಟ್ಟು ಬರುತ್ತಿದ್ದಳು. "ಉಂಡ ತಟ್ಟೆ ತೊಳೆಯೋಕೆ ಸೊಂಟ ನೋವು, ನಾಯಿ ಗೂಡು ತೊಳೆಯೋಕೆ ಎಲ್ಲಿಲ್ಲದ ಉತ್ಸಾಹ," ಎಂದು ಅವಳ ತಾಯಿ ಮೂಗು ಮುರಿಯುತ್ತಿದ್ದಳು. ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಹುಡುಗಿ ಮಾತು ತೆಗೆದಳು.

"ಅಲ್ಲೊಂದು ವಯಸ್ಸಾದ ನಾಯಿ ಇದೆ. ಬಂದೋರೆಲ್ಲ ಮರಿ ಬೇಕು ಅಂತಾರೆ, ಇವನನ್ನ ತಿರುಗಿ ಕೂಡ ನೋಡಲ್ಲ. ನಾವು ತರೋಣ."

"ಯಾರಿಗೂ ಬೇಡದ್ದು ನಮಗೇ ಬೇಕಾ?" ಎಂದಳು ಸೊಸೆ.

"ಅವನ ಯಜಮಾನ ಸತ್ತುಹೋದನಮ್ಮಾ. ಗ್ಯಾರೇಜಿನವನು, ಒಂಟಿ ಮನುಷ್ಯ. ಇವನು ಮುಚ್ಚಿದ ಬಾಗಿಲ ಮುಂದೆ ಕಾಯ್ತಾ ಕೂತಿದ್ದನಂತೆ."

"ಅಯ್ಯೋ ಪಾಪ ಅನ್ನೋಣ, ಅದಕ್ಕೇನು ಖರ್ಚಿಲ್ಲ. ಆದ್ರೆ ಇಸ್ತ್ರಿ ಬಟ್ಟೆ ಮೇಲೆ ನಾಯಿ ಕೂದಲು ಬಿದ್ರೆ ಗಿರಾಕಿಗಳಿಗೆ ಏನು ಹೇಳ್ಲಿ? ಉಚಿತ ಅಂತಲಾ?"

ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. ತಾಯಿ, ಹೆಂಡತಿ, ಮಗಳು ಮೂವರೂ ಇರುವಲ್ಲಿ ಬಾಯಿ ತೆರೆದು ಅವನು ಯಾವತ್ತೂ ಉದ್ಧಾರವಾಗಿರಲಿಲ್ಲ. ಹುಡುಗಿ ಅಜ್ಜಿಯ ಕಡೆ ತಿರುಗಿದಳು.

"ಅಜ್ಜೀ, ಯಾರೂ ಕೇಳದ ಬಟ್ಟೆಗೆ ಕಪಾಟು ಕೊಟ್ಟಿದ್ದೀಯ. ಒಂದು ನಾಯಿಗೆ ಮೂಲೆ ಕೊಡೋಕಾಗಲ್ವಾ?"

ಅಜ್ಜಿ ತುತ್ತು ನುಂಗಿ ನೀರು ಕುಡಿದಳು. ಮಾತಿನಲ್ಲಿ ಹೀಗೆ ಸಿಕ್ಕಿಹಾಕಿಸುವುದು ತಾತನ ಚಾಳಿ, ಹುಡುಗಿಗೆ ಹಾಗೇ ಬಂದಿತ್ತು. "ಹಿತ್ತಿಲಲ್ಲಿ ಇರ್ಲಿ," ಎಂದಳು ಕೊನೆಗೆ. "ಅಂಗಡಿಯೊಳಗೆ ಕಾಲಿಟ್ರೆ ಮಾತ್ರ ನಾನು ಸುಮ್ನಿರಲ್ಲ."

ಭಾನುವಾರ ಅಪ್ಪ ಮಗಳು ಬಟ್ಟೆ ಸಾಗಿಸುವ ಗಾಡಿಯಲ್ಲೇ ನಾಯಿಯನ್ನು ತಂದರು. ಮಣ್ಣಿನ ಬಣ್ಣದ, ಮೂತಿಯೆಲ್ಲ ನರೆತ ಪ್ರಾಣಿ. ಗ್ಯಾರೇಜಿನಲ್ಲಿ ಕಾರುಗಳ ಕೆಳಗೆ ತಲೆ ತೂರಿಸಿ ನೋಡುತ್ತಿದ್ದನೆಂದು ಅವನಿಗೆ ಮೇಸ್ತ್ರಿ ಅಂತಲೇ ಹೆಸರು. ಇಳಿದವನೇ ಮೆಷಿನ್ನಿನ ಕೆಳಗೆ ಬಗ್ಗಿ ನೋಡಿದ. "ಮೇಸ್ತ್ರಿಗಳು ಬಂದ್ರು, ಆ ಸೋರೋ ಪೈಪು ತೋರಿಸ್ರಪ್ಪಾ," ಎಂದು ಅಜ್ಜಿ ಅಂದಾಗ ಸೊಸೆ ಕೂಡ ನಕ್ಕಳು.

ನಾಯಿಯ ಜತೆಗೆ ಒಂದು ಕಂಬಳಿಯೂ ಬಂತು. ಕಂಬಳಿ ಅಂದರೆ ಕಂಬಳಿ, ಅದರ ಬಣ್ಣ ಯಾವುದೆಂದು ದೇವರೇ ಹೇಳಬೇಕು. ಗ್ರೀಸು, ಎಂಜಿನ್ ಎಣ್ಣೆ, ಬೀಡಿಯ ಹೊಗೆ, ಮನುಷ್ಯನ ಬೆವರು, ನಾಯಿಯ ಮೈ ಎಲ್ಲ ಸೇರಿ ಚರ್ಮದಂತೆ ದಪ್ಪಗಾಗಿತ್ತು.

"ಅಜ್ಜೀ, ಇಲ್ಲಿ ಕೇಳು. ಇದು ಆ ಗ್ಯಾರೇಜಿನವನದು. ಇವನು ಇದರ ಮೇಲೇ ಮಲಗೋದು. ಇದನ್ನ ಒಗೀಬಾರ್ದು ಅಂತ ಶೆಲ್ಟರಿನವರು ಸಾರಿ ಸಾರಿ ಹೇಳಿದಾರೆ. ಹೊಸ ಜಾಗ ಒಗ್ಗೋವರೆಗೆ."

"ಆಯ್ತು ಬಿಡೇ," ಅಂದಳು ಅಜ್ಜಿ. ಅಂದಳು, ಆದರೆ ಕಣ್ಣು ಕಂಬಳಿಯ ಮೇಲೇ ಇತ್ತು.

ಮೊದಲ ವಾರ ಸುಸೂತ್ರವಾಗಿ ಕಳೆಯಿತು. ಮೇಸ್ತ್ರಿ ಹಿತ್ತಿಲ ಬಾಗಿಲ ಬಳಿ ಕಂಬಳಿಯ ಮೇಲೆ ಮುದುರಿ ಮಲಗುತ್ತಿದ್ದ, ಹಾಲು ಅನ್ನ ಹಾಕಿದರೆ ತಟ್ಟೆ ನೆಕ್ಕಿ ಬೆಳಗುತ್ತಿದ್ದ. "ನಮ್ಮನೇಲಿ ತಟ್ಟೆ ತೊಳೆಯೋರು ಕೊನೆಗೂ ಒಬ್ರು ಸಿಕ್ಕಿದ್ರು," ಎಂದು ಸೊಸೆ ಮಗಳಿಗೆ ಕುಟುಕಿದಳು. ಆದರೆ ಬಿಸಿಲೇರಿದಂತೆ ಕಂಬಳಿಯ ನಾತ ಅಂಗಡಿಯವರೆಗೆ ಬರುತ್ತಿತ್ತು. ಒಬ್ಬ ಗಿರಾಕಿ ಬಟ್ಟೆ ಕೊಡಲು ಬಂದು ಮೂಗು ಸುಕ್ಕಿಸಿ, "ಏನಜ್ಜಿ, ಪಕ್ಕದಲ್ಲಿ ಗ್ಯಾರೇಜು ಶುರುವಾಯ್ತಾ?" ಎಂದು ಕೇಳಿಬಿಟ್ಟ. ಲಾಂಡ್ರಿಯಲ್ಲಿ ನಾತವೆಂದರೆ ಅಜ್ಜಿಗೆ ತಲೆ ಎತ್ತಿ ತಿರುಗಲಾರದಷ್ಟು ಅವಮಾನ.

ಮರುದಿನ ಮೊಮ್ಮಗಳು ಕಾಲೇಜಿಗೆ ಹೋದದ್ದೇ ತಡ, ಅಜ್ಜಿ ಕಂಬಳಿಯನ್ನು ಎತ್ತಿದಳು. ಒಗ್ಗುವವರೆಗೆ ತಾನೆ, ಒಗ್ಗಿದೆಯಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ನಾತ ಒಂದು ನೆಪ. ಅಂಥ ಜಿಡ್ಡು ಅವಳ ಕೈಗೆ ಸಿಕ್ಕಿ ಬಹಳ ಕಾಲವಾಗಿತ್ತು. ಸೀಮೆಎಣ್ಣೆ ಹಚ್ಚಿ ನೆನೆಹಾಕಿದಳು, ಸೋಡಾ ಹಾಕಿದ ಕುದಿನೀರಿನಲ್ಲಿ ಅದ್ದಿದಳು, ಕಲ್ಲಿಗೆ ಹಾಕಿ ಬ್ರಷ್ಷಿನಿಂದ ಉಜ್ಜಿದಳು. ಕಪ್ಪು ನೀರು ಮೋರಿಗೆ ಹರಿಯಿತು, ಆಮೇಲೆ ಬೂದು ನೀರು, ಆಮೇಲೆ ತಿಳಿನೀರು. ಅದು ಬಿಳಿ ಗೆರೆಯ ನೀಲಿ ಕಂಬಳಿ! ಸೊಸೆಯನ್ನು ಕೂಗಿ ಕರೆದು ತೋರಿಸಿದಳು. "ಅತ್ತೆ, ನಿಮ್ಮ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು," ಎಂದಳು ಸೊಸೆ. ಸಂಜೆ ಅಜ್ಜಿ ಅದನ್ನು ಮಡಿಸಿ, ಇದ್ದ ಜಾಗದಲ್ಲೇ ಹಾಸಿ, ಹೊಗಳಿಕೆಗೆ ಕಾಯುವವಳಂತೆ ಮೇಸ್ತ್ರಿಯನ್ನು ಕರೆದಳು.

ಮೇಸ್ತ್ರಿ ಕಂಬಳಿಯನ್ನು ಮೂಸಿದ. ಮೂತಿಯಿಂದ ಮಡಿಕೆ ಬಿಡಿಸಿ ಒಳಗೂ ಮೂಸಿದ. ಅದನ್ನು ಬಿಟ್ಟು ಹಿತ್ತಿಲೆಲ್ಲ ಹುಡುಕಿದ. ಒಗೆಯುವ ಕಲ್ಲಿನ ಹತ್ತಿರ ನಿಂತ, ಅಲ್ಲಿಂದ ನೀರು ಹರಿದ ದಾರಿ ಹಿಡಿದು ಮೋರಿಯ ಬಾಯಿಗೆ ಹೋದ. ಅಲ್ಲಿ ಮೂತಿ ಇಟ್ಟು, ಒದ್ದೆ ನೆಲದ ಮೇಲೇ ಮಲಗಿಬಿಟ್ಟ.

ಕಾಲೇಜಿನಿಂದ ಬಂದ ಹುಡುಗಿ ಮೋರಿಯನ್ನೂ ಕಂಬಳಿಯನ್ನೂ ನೋಡಿ ಒಳಗೆ ಬಂದಳು.

"ಒಗೀಬೇಡ ಅಂದಿದ್ನಲ್ಲ ಅಜ್ಜೀ?"

"ಎಂಥಾ ನಾತ ಇತ್ತು ಗೊತ್ತಾ? ಗಿರಾಕಿಗಳು ಮೂಗು ಮುಚ್ಕೊಳೋ ಹಾಗಾಗಿತ್ತು."

"ಅದು ನಾತ ಅಲ್ಲ, ಅವನ ಯಜಮಾನ. ಅಷ್ಟೇ ಉಳಿದಿದ್ದು ಅವನಿಗೆ. ನೀನು ಯಾವತ್ತೂ ಹೀಗೇ. ತಾತನ ಸ್ವೆಟರ್ ನನಗೆ ಬೇಕು ಅಂತ ಕೇಳಿದಾಗ್ಲೂ ಒಗೆದು, ಇಸ್ತ್ರಿ ಮಾಡಿ ಕೊಟ್ಟೆ."

"ಕೊಳೆ ಸ್ವೆಟರ್ ಕೊಡ್ಬೇಕಿತ್ತಾ?"

"ಹೌದು! ಕೊಳೆಯದ್ದೇ ಬೇಕಿತ್ತು. ಈಗ ಅದರಲ್ಲಿ ಏನಿದೆ? ಸೋಪಿನ ವಾಸನೆ ಇದೆ. ನಮ್ಮನೆ ತುಂಬ ಅದೇ ಇದೆ."

ಸೊಸೆ, "ದೊಡ್ಡೋರ ಹತ್ರ ಹಾಗೆಲ್ಲ ಮಾತಾಡ್ಬೇಡ," ಎಂದು ಮಗಳನ್ನು ಗದರಿದಳು. ಅಜ್ಜಿ ಪಾತ್ರೆ ಜೋಡಿಸತೊಡಗಿದಳು. ಸ್ವೆಟರಿನ ವಿಷಯ ಹುಡುಗಿ ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದಳೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಾತ ಹೋದ ವಾರವೇ ಅವರ ಬಟ್ಟೆಗಳನ್ನೆಲ್ಲ ಒಗೆದು, ಗರಿಗರಿಯಾಗಿ ಇಸ್ತ್ರಿ ಮಾಡಿ, ಬೇಕಾದವರಿಗೆ ಹಂಚಿದ್ದಳು. ಗಂಡನಿಗೆ ತಾನು ಮಾಡಬಹುದಾದ ಕೊನೆಯ ಕೆಲಸವನ್ನು ಚೊಕ್ಕವಾಗಿ ಮಾಡಿದೆ ಎಂದುಕೊಂಡಿದ್ದಳು.

ಮೇಸ್ತ್ರಿ ಅನ್ನ ಬಿಟ್ಟ. ರಾತ್ರಿಯೆಲ್ಲ ಕುಂಯ್‌ಗುಡುವುದು, ಬೆಳಗಾದರೆ ಮೋರಿಯ ಬಳಿ ಹೋಗಿ ಮಲಗುವುದು, ಇಷ್ಟೇ ಅವನ ದಿನಚರಿಯಾಯಿತು. ಮೊಮ್ಮಗಳು ಗೋಗರೆದರೂ ಬಾಯಿ ತೆರೆಯಲಿಲ್ಲ. ಒಂದು ಮಧ್ಯಾಹ್ನ ಮಗ ಗಂಟು ತರಲು ಹೋಗಿದ್ದ, ಸೊಸೆ ಊಟ ಮುಗಿಸಿ ಅಡ್ಡಾಗಿದ್ದಳು. ಅಜ್ಜಿ ಒಂದು ಮೊಟ್ಟೆ ಬೇಯಿಸಿಕೊಂಡು ಮೋರಿಯ ಪಕ್ಕ ಕೂತಳು. "ತಿನ್ನೋ ಮಾರಾಯ. ತಪ್ಪಾಯ್ತು ಅಂತ ಒಂದು ನಾಯಿಗೂ ನನ್ನ ಬಾಯಲ್ಲಿ ಹೇಳಿಸ್ತೀಯಲ್ಲ." ಪುಡಿ ಮಾಡಿ ಅಂಗೈಯಲ್ಲಿ ಹಿಡಿದಳು. ಬಹಳ ಹೊತ್ತಾದ ಮೇಲೆ ಮೇಸ್ತ್ರಿ ಅಂಗೈ ನೆಕ್ಕಿದ.

ಅಲ್ಲಿಂದ ದಿನಾ ಮಧ್ಯಾಹ್ನ ಒಂದು ಮೊಟ್ಟೆ. ಯಾರಿಗೂ ಹೇಳಲಿಲ್ಲ. ಹುಡುಗಿಯ ಎದುರು ಸೋತಂತಾಗುತ್ತದೆ ಎಂಬ ಬಿಂಕ. ಮೊಟ್ಟೆ ತಿಂದವನು ಅವಳ ಹಿಂದೆ ಹಿಂದೆಯೇ ಬರತೊಡಗಿದ. ಹಿತ್ತಿಲ ಬಾಗಿಲಲ್ಲಿ ತಡೆದಳು. ನಿಂತು ನೋಡಿದ. ಆ ನೋಟಕ್ಕೆ ಕರಗಿ, "ಮೇಜಿನ ಕೆಳಗೆ ಬಿದ್ಕೊ, ಉಸಿರೆತ್ತಬೇಡ," ಎಂದಳು. ತಾನೇ ಹಾಕಿದ ಕಟ್ಟಳೆಯನ್ನು ತಾನೇ ಮುರಿದು, ಮಧ್ಯಾಹ್ನವೆಲ್ಲ ಅವನನ್ನು ಕಾಲ ಬಳಿ ಇಟ್ಟುಕೊಂಡು ಇಸ್ತ್ರಿ ಮಾಡಿದಳು. ಸೊಸೆ ಎದ್ದ ಸದ್ದಾದರೆ ಅವನನ್ನು ಹಿತ್ತಿಲಿಗೆ ದಾಟಿಸುತ್ತಿದ್ದಳು. ಈ ವಯಸ್ಸಿನಲ್ಲಿ ಕಳ್ಳಾಟ ಆಡುವುದರಲ್ಲಿ ಅವಳಿಗೊಂದು ಖುಷಿಯೂ ಇತ್ತು.

ಆ ದಿನಗಳಲ್ಲೇ ಮೊಳೆಗೆ ಹಾಕಿದ್ದ ಟವೆಲು ಕಾಣೆಯಾಯಿತು. "ಯಾವ ಹೋಟೆಲಿನ ಗಂಟಿಗೆ ಸೇರಿಸಿ ಕಳಿಸಿದ್ಯೋ?" ಎಂದು ಮಗನನ್ನು ತರಾಟೆಗೆ ತೆಗೆದುಕೊಂಡಳು. "ನಿನ್ನ ಟವೆಲು ಯಾರ ಗಂಟಿಗೆ ಸೇರಿದ್ರೂ ಅವರೇ ಹೆದರಿ ವಾಪಸ್ ತಂದುಕೊಡ್ತಾರೆ ಬಿಡಮ್ಮಾ," ಎಂದ ಮಗ. ಅಪರೂಪಕ್ಕೆ ಎಲ್ಲರೂ ನಕ್ಕರು. ಅಜ್ಜಿ ಇನ್ನೊಂದು ಟವೆಲು ತೆಗೆದುಕೊಂಡಳು.

ಖುಷಿ ಹೆಚ್ಚು ದಿನ ಬಾಳಲಿಲ್ಲ. ದೊಡ್ಡ ಹೋಟೆಲಿನ ಮ್ಯಾನೇಜರು ಒಂದು ಗಂಟು ಬಿಳಿ ಅಂಗಿಗಳನ್ನು ವಾಪಸು ಕಳಿಸಿದ. ಕಾಲರಿನಲ್ಲಿ, ತೋಳಿನಲ್ಲಿ ಮಣ್ಣಿನ ಬಣ್ಣದ ಕೂದಲು. ಅಜ್ಜಿ ಇಸ್ತ್ರಿ ಹಿಡಿದಾಗಿನಿಂದ ಬಟ್ಟೆ ವಾಪಸು ಬಂದದ್ದು ಅದೇ ಮೊದಲು. ಊಟಕ್ಕೆ ಕೂತಾಗ ಮಗ ತಟ್ಟೆ ಮುಟ್ಟಲಿಲ್ಲ.

"ಇನ್ನೊಂದು ಸಲ ಹೀಗಾದ್ರೆ ಬೇರೆ ಲಾಂಡ್ರಿ ನೋಡ್ಕೋತೀವಿ ಅಂದ. ಎಲ್ಲರೆದುರಿಗೆ ಅಂದ. ನನಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು."

"ನಾನು ಮೊದಲೇ ಬಡ್ಕೊಂಡೆ," ಎಂದಳು ಸೊಸೆ.

"ಹಿತ್ತಿಲಲ್ಲಿರೋ ನಾಯಿ ಕೂದಲು ಅಂಗಡಿಗೆ ಹೇಗೆ ಬರತ್ತೆ? ಯಾರೋ ಒಳಗೆ ಬಿಟ್ಟಿರ್ಬೇಕು," ಎಂದಳು ಹುಡುಗಿ.

"ಯಾರು ಬಿಡ್ತಾರೆ? ನೀನೇ ಬಿಟ್ಟಿರ್ತೀಯ," ಎಂದ ಅಪ್ಪ.

"ನಾನಲ್ಲ! ಇಡೀ ದಿನ ನಾನು ಕಾಲೇಜಲ್ಲಿರ್ತೀನಿ!"

"ಹಾಗಾದ್ರೆ ನಾಯಿನೇ ಚಿಲಕ ತೆಗೆದುಕೊಂಡು ಬಂತಾ?"

ಹುಡುಗಿ ಅಜ್ಜಿಯನ್ನು ನೋಡಿದಳು. ಅಜ್ಜಿ ಒಂದೇ ಒಂದು ಮಾತು ಹೇಳಬೇಕಿತ್ತು. ನಾನು ಬಿಟ್ಟೆ, ಇನ್ನು ಬಿಡುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವಾಪಸು ಬಂದದ್ದು ಅವಳು ಇಸ್ತ್ರಿ ಮಾಡಿದ ಅಂಗಿ. ಅದರ ಮೇಲೆ ಕೂದಲು ಬೀಳಿಸಿದವಳೂ ತಾನೇ ಎಂದು ಸೊಸೆಯ ಎದುರು ಒಪ್ಪಿಕೊಳ್ಳುವುದು ನುಂಗಲಾರದ ತುತ್ತಾಯಿತು. ಬೆಳಗ್ಗೆಯೂ ಮೋರಿಯ ಹತ್ತಿರ ಹೋಗಿ ಕುಂಯ್ ಅನ್ನುತ್ತಿತ್ತಲ್ಲ, ಅದಕ್ಕೆ ನಮ್ಮ ಮನೆ ಹಿಡಿಸಿಲ್ಲ, ಮೊಟ್ಟೆಯ ಆಸೆಗೆ ನನ್ನ ಹಿಂದೆ ಬರುತ್ತದೆ ಅಷ್ಟೆ, ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

"ಅದಕ್ಕೆ ನಮ್ಮನೆ ಒಗ್ಗಲಿಲ್ಲ," ಎಂದಳು. "ಬಿಟ್ಟು ಬನ್ನಿ."

ಹುಡುಗಿ ಕೈ ತೊಳೆದು ಎದ್ದುಹೋದಳು. ಬೆಳಗ್ಗೆ ಒಂದು ಚೀಲಕ್ಕೆ ನೀಲಿ ಕಂಬಳಿಯನ್ನೂ ತಟ್ಟೆಯನ್ನೂ ತುರುಕಿಕೊಂಡು ಗಾಡಿ ಹತ್ತಿದಳು. ಮೇಸ್ತ್ರಿ ಹತ್ತಲು ಒಪ್ಪದೆ ಅಂಗಡಿಯ ಬಾಗಿಲ ಕಡೆಗೇ ಎಳೆಯುತ್ತಿದ್ದ. ಮಗ ಎತ್ತಿ ಕೂರಿಸಿದ. ಅಜ್ಜಿ ಒಳಗೆ ಯಾರದೋ ಪ್ಯಾಂಟಿಗೆ ಗೆರೆ ಕೂರಿಸುತ್ತಿದ್ದಳು. ಹೊರಗೆ ಬರಲಿಲ್ಲ.

ಆಮೇಲೆ ಮನೆ ಮೊದಲಿನಂತಾಯಿತು ಅನ್ನಬೇಕು, ಆಗಲಿಲ್ಲ. ಹುಡುಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಬಡಿಸಿದ್ದಷ್ಟನ್ನೇ ಉಂಡು ಏಳುತ್ತಿದ್ದಳು. ಆಶ್ರಯಕ್ಕೆ ಹೋಗುವುದನ್ನೂ ನಿಲ್ಲಿಸಿದಳು. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದಳು ಅಪ್ಪ ಕೇಳಿದಾಗ. ಮಧ್ಯಾಹ್ನ ಅಜ್ಜಿ ಮರೆತು ಮೊಟ್ಟೆ ಬೇಯಲು ಇಟ್ಟಳು. ಇಟ್ಟ ಮೇಲೆ ನೆನಪಾಗಿ ತಾನೇ ತಿಂದಳು. ಇಸ್ತ್ರಿ ಮಾಡುವಾಗ ಮೇಸ್ತ್ರಿಗೆ ಕಾಲು ತಾಗೀತೆಂದು ಈಗಲೂ ಒಂದು ಪಕ್ಕಕ್ಕೆ ಸರಿದೇ ನಿಲ್ಲುತ್ತಿದ್ದಳು. ಇಡೀ ಅಂಗಡಿ ಗುಡಿಸುವವಳು ಮೇಜಿನ ಕೆಳಗೆ ಪೊರಕೆ ಹಾಕುತ್ತಿರಲಿಲ್ಲ.

ಸೊಸೆಯ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಒಂದು ದಿನ ಬಗ್ಗಿ ನೋಡಿ ಎದ್ದಳು.

"ಅತ್ತೆ, ಇಲ್ಲಿ ಕೂದಲು ಹಾಗೇ ಇದೆ."

"ನಾಳೆ ಗುಡಿಸಿದ್ರಾಯ್ತು."

ಸೊಸೆ ದನಿ ತಗ್ಗಿಸಿದಳು. "ನೀವು ಅವನನ್ನ ಒಳಗೆ ಬಿಟ್ಕೋತಿದ್ದದ್ದು ನನಗೆ ಗೊತ್ತಿತ್ತು ಅತ್ತೆ. ಮೊಟ್ಟೆ ಲೆಕ್ಕ ತಪ್ಪಿದ್ರೆ ನನಗೆ ತಿಳಿಯಲ್ವಾ?"

ಅಜ್ಜಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ. ನೀವೇ ಬಿಟ್ಟು ಬನ್ನಿ ಅಂದ್ಮೇಲೆ ನಾನ್ಯಾಕೆ ನಡುವೆ ಬಾಯಿ ಹಾಕ್ಲಿ ಅಂತ ಸುಮ್ನಾದೆ. ಕೂದಲಿನ ಸಿಟ್ಟು ಇತ್ತು, ಇಲ್ಲ ಅನ್ನಲ್ಲ. ಆದ್ರೆ ನೀವು ಒಂದು ಮಾತು ಅಂದಿದ್ರೆ ಕೂದಲು ಹಾರದ ಹಾಗೆ ಮೇಜಿಗೆ ಈ ಕಡೆ ಒಂದು ಹಲಗೆ ಅಡ್ಡ ಹೊಡೆಸ್ಬಹುದಿತ್ತು. ಈಗ್ಲೂ ಏನಂತೆ? ಹೋಗಿ ಕರ್ಕೊಂಡು ಬನ್ನಿ. ಆ ಹುಡುಗಿ ಮುಖ ನೋಡೋಕಾಗ್ತಿಲ್ಲ ನನಗೆ."

ಒಂದು ಹಲಗೆ. ಅಷ್ಟಕ್ಕೆ ಆಗಬಹುದಾಗಿದ್ದ ಕೆಲಸ. ಅಜ್ಜಿ ಅಂದೇ ಹೊರಟಳು. ಬರಿಗೈಯಲ್ಲಿ ಹೋಗಲು ಮನಸ್ಸು ಬಾರದೆ, ಕಪಾಟು ತೆರೆದು, ಯಾರೂ ಕೇಳದ ಚಾದರ, ಹೊದಿಕೆ, ಪರದೆಗಳನ್ನೆಲ್ಲ ಒಂದು ಗಂಟು ಕಟ್ಟಿದಳು. ತಾತ ಏನನ್ನುತ್ತಿದ್ದರೋ ಎಂದು ಒಂದು ಗಳಿಗೆ ನಿಂತಳು. ಕೊಟ್ಟವರು ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು ಎಂದುಕೊಂಡು ಗಂಟು ಬಿಗಿದಳು. ಮಗ ಗಾಡಿಯಲ್ಲಿ ಕರೆದೊಯ್ದ.

ಆಶ್ರಯವೆಂದರೆ ತಗಡಿನ ಮಾಡು, ಸಾಲಾಗಿ ಜಾಲರಿಯ ಗೂಡುಗಳು, ಕಿವಿ ತೂತಾಗುವ ಬೊಗಳಾಟ. ಮೊಣಕಾಲವರೆಗೆ ಗಂಬೂಟು ತೊಟ್ಟ ಹೆಂಗಸೊಬ್ಬಳು ಪೈಪಿನಿಂದ ನೀರು ಬಿಡುತ್ತಿದ್ದಳು. ಗಂಟು ಬಿಚ್ಚಿ ನೋಡಿ ಅವಳ ಮುಖ ಅರಳಿತು.

"ಇಸ್ತ್ರಿ ಬೇರೆ ಮಾಡಿದೀರಲ್ಲಮ್ಮಾ! ನಮ್ಮ ನಾಯಿಗಳಿಗೆ ಇಂಥ ಭಾಗ್ಯ ಎಲ್ಲಿತ್ತು?"

"ಇದಿರ್ಲಿ. ನಿಮ್ಮ ಹತ್ರ ಇರೋ ಕೊಳೆ ಬಟ್ಟೆನೂ ಕೊಡು, ವಾರ ವಾರ ಒಗೆದು ಕಳಿಸ್ತೀನಿ." ಅಜ್ಜಿ ಗೂಡುಗಳ ಕಡೆಗೇ ನೋಡುತ್ತಿದ್ದಳು. "ನಾನು ಮೇಸ್ತ್ರಿನ ಕರ್ಕೊಂಡು ಹೋಗೋಕೆ ಬಂದೆ. ಲಾಂಡ್ರಿಯವರು ನಾವು."

ಹೆಂಗಸು ಪೈಪು ನಿಲ್ಲಿಸಿದಳು. "ಅಯ್ಯೋ, ಅವನು ಹೋದ್ನಲ್ಲಮ್ಮಾ. ಮೊನ್ನೆ ತಾನೆ. ಒಬ್ರು ಬಸ್ ಡ್ರೈವರು, ಗಂಡ ಹೆಂಡತಿ ಬಂದಿದ್ರು. ವಯಸ್ಸಾದ ನಾಯಿನೇ ಬೇಕು ಅಂದ್ರು. ಒಳ್ಳೆ ಜನ."

ಒಳ್ಳೆಯ ಜನ ಅಂದಾಗ ಅಜ್ಜಿಗೆ ಸಂತೋಷವಾಗಬೇಕಿತ್ತು. "ಒಳ್ಳೇದಾಯ್ತು," ಎಂದಳು. ಗಂಟು ಕಟ್ಟಿದ್ದ ಹಗ್ಗವನ್ನು ಸುಮ್ಮನೆ ಸುತ್ತತೊಡಗಿದಳು. "ನಮ್ಮನೇಲಂತೂ ಅವನಿಗೆ ಒಗ್ಗಲಿಲ್ಲ ಬಿಡು."

"ಒಗ್ಗಲಿಲ್ವಾ? ಯಾರು ಹೇಳಿದ್ರು? ಇಲ್ಲಿಗೆ ಬಂದ್ಮೇಲೆ ಹಗಲೂ ರಾತ್ರಿ ಗೇಟಿನ ಕಡೆ ಮುಖ ಮಾಡ್ಕೊಂಡೇ ಕೂತಿದ್ದ. ಆ ನೀಲಿ ಕಂಬಳಿನ ಮೂಸಿ ಕೂಡ ನೋಡ್ಲಿಲ್ಲ. ಅದರ ಜೊತೆ ಒಂದು ಟವೆಲು ಕಳಿಸಿದ್ರಲ್ಲ, ಹಳದಿ ಅಂಚಿಂದು? ಅದನ್ನ ಬಾಯಲ್ಲಿ ಕಚ್ಕೊಂಡೇ ತಿರುಗ್ತಿದ್ದ. ಅದಿಲ್ದೆ ನಿದ್ದೆ ಇಲ್ಲ. ಯಾರದು ಅದು?"

ಅಜ್ಜಿಯ ಕೈ ತನ್ನ ಹೆಗಲಿಗೆ ಹೋಯಿತು. ಹೆಂಗಸು ಅವಳ ಮುಖ ನೋಡಿದಳು, ಹೆಗಲ ಮೇಲಿನ ಟವೆಲು ನೋಡಿದಳು, ಮತ್ತೆ ಕೇಳಲಿಲ್ಲ.

"ಅವನ ಜೊತೆಗೇ ಕಳಿಸಿದೀನಿ," ಎಂದಳು ಮೆಲ್ಲಗೆ. "ಅದನ್ನ ಮಾತ್ರ ಸದ್ಯಕ್ಕೆ ಒಗೀಬೇಡಿ ಅಂತ ಹೇಳೇ ಕಳಿಸಿದೀನಿ."

"ಒಗೆದುಬಿಟ್ರೆ?" ಅಜ್ಜಿ ಹೆಗಲ ಮೇಲಿದ್ದ ಟವೆಲನ್ನು ತೆಗೆದು ಮುಂದೆ ಹಿಡಿದಳು. ಬೆಳಗಿನ ಬೆವರಿಗೆ ಇನ್ನೂ ಒದ್ದೆಯಾಗಿತ್ತು. "ಹೇಳಿದ್ರೂ ಕೆಲವರು ಕೇಳಲ್ಲಮ್ಮಾ. ಇದನ್ನೂ ಕಳಿಸ್ತೀಯಾ? ಒಂದು ಹೋದ್ರೆ ಇನ್ನೊಂದಿರ್ಲಿ ಅಂತ."

"ಬೇಡಮ್ಮಾ." ಹೆಂಗಸು ಅವಳ ಕೈಯನ್ನು ಮಡಿಸಿ ಟವೆಲನ್ನು ಅವಳಿಗೇ ಹಿಡಿಸಿದಳು. "ಇನ್ನು ಅವನು ಅವರ ವಾಸನೆ ಕಲೀಬೇಕು."

ಕೊಳೆ ಹೊದಿಕೆಗಳ ಗಂಟು ಹೊತ್ತುಕೊಂಡು ಅಜ್ಜಿ ಮನೆಗೆ ಬಂದಾಗ ಮೊಮ್ಮಗಳು ಹಿತ್ತಿಲಲ್ಲಿ ಹಗ್ಗದ ಬಟ್ಟೆ ತೆಗೆಯುತ್ತಿದ್ದಳು. ಗಾಡಿಯಿಂದ ಅಪ್ಪ, ಅಜ್ಜಿ ಇಬ್ಬರೇ ಇಳಿದದ್ದನ್ನು ನೋಡಿಯೇ ಮೇಸ್ತ್ರಿ ಬರಲಿಲ್ಲವೆಂದು ಅವಳಿಗೆ ಅರ್ಥವಾಗಿತ್ತು. ಅಜ್ಜಿ ಬಸ್ ಡ್ರೈವರಿನ ವಿಷಯ ಹೇಳಿದಳು. ಅಂಗಡಿಯೊಳಗೆ ಬಿಟ್ಟುಕೊಂಡವಳು ತಾನೇ ಎಂಬುದನ್ನೂ ಹೇಳಿದಳು. ಹುಡುಗಿ, "ಗೊತ್ತಿತ್ತು," ಎಂದಳು. ಈ ಮನೆಯಲ್ಲಿ ತನ್ನ ಗುಟ್ಟನ್ನು ಗುಟ್ಟೆಂದು ನಂಬಿದ್ದವಳು ತಾನೊಬ್ಬಳೇ ಎಂದು ಅಜ್ಜಿಗೆ ಅನ್ನಿಸಿತು.

ಇಬ್ಬರೂ ಕೂತು ಹೊದಿಕೆಗಳನ್ನು ಬೇರೆ ಬೇರೆ ಮಾಡಿದರು. ಮೋರಿಯ ಬಳಿಯ ನೆಲ ಒಣಗಿ ಬೆಳ್ಳಗಾಗಿತ್ತು.

"ಆ ಟವೆಲ್ ಚೀಲಕ್ಕೆ ಹಾಕಿದ್ದು ನೀನಾ?" ಎಂದು ಅಜ್ಜಿ ಕೇಳಿದಳು.

"ಹೂಂ. ಒಗೆಯೋ ಕಲ್ಲಿನ ಹಿಂದೆ ಬಚ್ಚಿಟ್ಕೊಂಡಿದ್ದ. ಅದರ ಮೇಲೇ ಮಲಗ್ತಿದ್ದ."

"ನನಗೆ ಯಾಕೆ ಹೇಳ್ಲಿಲ್ವೇ? ಹೇಳಿದ್ರೆ ನಾನು ಕಳಿಸ್ತಿದ್ನಾ ಅವನನ್ನ?"

ಹುಡುಗಿ ತಲೆ ಎತ್ತದೆ ಹೊದಿಕೆಯೊಂದನ್ನು ಕೊಡವಿದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಹೇಳಿದ್ರೆ ನೀನು ಅದನ್ನ ಒಗೆದುಬಿಡ್ತಿದ್ದೆ ಅಜ್ಜೀ."

ಅಜ್ಜಿ ಇಲ್ಲ ಅನ್ನಲು ಬಾಯಿ ತೆರೆದಳು. ಆದರೆ ಹುಡುಗಿ ಹೇಳಿದ್ದು ನಿಜ. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಹಾಕಿ ಮೊಳೆಗೆ ಹಾಕುತ್ತಿದ್ದಳು.